ಇಂಗ್ಯು ಅಮ್ಮ ಅಂತ ಬರಿ

ಪ್ರೀತಿಯ ಇಂಗ್ಯು ಅಣ್ಣಾ,

ನೀನು ಓದಲಾರೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಸಾಕಾಗಿಹೋಗಿದೆ ಕಣೋ. ಹದಿನೈದು ವರ್ಷದಿಂದ ಸೋಲ್ ನಗರದಲ್ಲಿ ಕೂತು ಸೋಪಿಗೆ, ಬಿಸ್ಕತ್ತಿಗೆ, ಕಂಡಕಂಡವರ ಕಂಪನಿಗೆ ಹೆಸರಿಡುವುದೇ ನನ್ನ ಕೆಲಸ. ಕೇಳಿದವರು ಮರೆಯಬಾರದು, ನಾಲಿಗೆಗೆ ತೊಡಕಾಗಬಾರದು, ಬೇರೆ ಯಾರೂ ಇಟ್ಟಿರಬಾರದು. ಇದನ್ನೇ ಜಪಿಸಿ ಜಪಿಸಿ ತಲೆ ಕೆಟ್ಟಿದೆ. ಇಂಥವಳಿಗೆ ನಮ್ಮ ಅಮ್ಮನ ದ್ವೆಂಜಾಂಗ್‌ಗೆ ಒಂದು ಹೆಸರು ಹೊಳೆಯಲಿಲ್ಲ ನೋಡು.

ಹಿತ್ತಲಿನ ಭರಣಿಗಳಲ್ಲಿ ಹುದುಗುತ್ತಿತ್ತಲ್ಲ, ಸೋಯಾ ಕಾಳಿನ ಅದೇ ಗಟ್ಟಿ ಗೊಜ್ಜು. ಪೇಟೆಯ ದೊಡ್ಡ ಅಂಗಡಿಯವರು ಮಾರುತ್ತೇವೆಂದರು. ಶುಕ್ರವಾರದೊಳಗೆ ಹೆಸರು ನೋಂದಾಯಿಸಬೇಕಿತ್ತು.

ನಮ್ಮ ಕಡೆ ಮೊದಲ ಮಗು ಹುಟ್ಟಿದ ದಿನವೇ ತಾಯಿಯ ಹೆಸರು ಮಾಯ. ನೀನು ಹುಟ್ಟಿದೆ, ಅಮ್ಮ ಊರಿಗೆಲ್ಲ 'ಇಂಗ್ಯು ಅಮ್ಮ' ಆದಳು. ಆಮೇಲೆ ನಾನು ಹುಟ್ಟಿದರೂ ಯಾರೂ 'ಯುನ್ಸುಕ್ ಅಮ್ಮ' ಎನ್ನಲಿಲ್ಲ. ಹೊಟ್ಟೆಕಿಚ್ಚಿತ್ತು, ಸುಳ್ಳೇಕೆ ಹೇಳಲಿ. ಸೈನ್ಯದ ಕಡ್ಡಾಯ ಸೇವೆಗೆ ಹೋದ ನೀನು ಟ್ರಕ್ ಮಗುಚಿ ತೀರಿಕೊಂಡೆ. ಊರವರ ನಾಲಿಗೆ ಕಟ್ಟಿತು. ಆ ಹೆಸರು ಹಿಡಿದು ಹೇಗೆ ಕರೆಯುವುದು? "ಇಲ್ನೋಡಿ", "ಕೇಳಿಸ್ತಾ" ಅನ್ನತೊಡಗಿದರು. ಇಪ್ಪತ್ತೆರಡು ವರ್ಷ ನಾನೂ ಮನೆಯಲ್ಲಿ ನಿನ್ನ ಹೆಸರೆತ್ತಲಿಲ್ಲ. ಅಮ್ಮನಿಗೆ ಅದೇ ಒಳ್ಳೆಯದು ಅಂದುಕೊಂಡಿದ್ದೆ.

ಗುರುವಾರ ಊರಿಗೆ ಹೋಗಿ ಅಮ್ಮನಿಗೆ, "ನಿನ್ನ ಸ್ವಂತ ಹೆಸರನ್ನೇ ಇಡೋಣ" ಎಂದೆ. ಪಾಕ್ ಮಲ್ಸುನ್. ದೊಡ್ಡ ಉಪಕಾರ ಮಾಡಿದೆನೆಂಬ ಜಂಬ ಬೇರೆ. ಭರಣಿ ಒರೆಸುತ್ತಿದ್ದವಳು ನಕ್ಕುಬಿಟ್ಟಳು.

"ಅಯ್ಯೋ, ಹೆಣ್ಣು ಇಲ್ಲಿಗೆ ಸಾಕು ಅಂತ ನಮ್ಮಪ್ಪ ಇಟ್ಟ ಹೆಸರು ಅದು. ಡಬ್ಬಿ ಮೇಲೆ ಬೇರೆ ಅಂಟಿಸ್ತೀಯಾ? ಇದಕ್ಕೇನಾ ನಿಂಗೆ ಸಂಬಳ ಕೊಡೋದು?" ಆಮೇಲೆ ಬಟ್ಟೆ ಹಿಂಡುತ್ತಾ, "ಇಂಗ್ಯು ಅಮ್ಮ ಅಂತ ಬರಿ" ಎಂದಳು.

ನನಗೆ ಗಾಬರಿಯಾಯಿತು. "ಬೇಡಮ್ಮ, ಡಬ್ಬಿ ಮೇಲೆ ನಿನ್ನ ನಂಬರ್ ಇರುತ್ತೆ, ಫೋನ್ ಮಾಡಿದೋರೆಲ್ಲ ಇಂಗ್ಯು ಅಮ್ಮನಾ ಅಂತ ಕೇಳ್ತಾರೆ. ದಿನಾ ಹೇಗೆ ತಡ್ಕೋತೀಯ?"

"ಕೇಳ್ಲಿ ಅಂತಾನೇ ಕಣೇ. ಅವನನ್ನ ದೇವರು ಕಿತ್ಕೊಂಡ. ಅವನ ಹೆಸರನ್ನ ಕಿತ್ಕೊಂಡೋರು ನೀವು."

ಅಣ್ಣಾ, ಮರುದಿನ ಹೋಗಿ ನೋಂದಾಯಿಸಿದೆ.

ಡಬ್ಬಿಗಳು ಅಂಗಡಿ ಸೇರಿದ ಮೇಲೆ ನಾನು ಮತ್ತೆ ಊರಿಗೆ ಬಂದಿದ್ದೇನೆ. ಇವತ್ತು ಬೆಳಿಗ್ಗೆ ಮೊದಲ ಫೋನ್ ಬಂತು, ಬುಸಾನ್‌ನಿಂದ ಯಾರೋ ಹೆಂಗಸು. ಅಮ್ಮ ಕೈ ಒರೆಸಿಕೊಂಡು, ಕೂದಲು ಸರಿಮಾಡಿಕೊಂಡು ಎತ್ತಿದಳು. "ಹೌದು, ಇಂಗ್ಯು ಅಮ್ಮಾನೇ ಮಾತಾಡ್ತಿರೋದು." ಆ ಹೆಂಗಸು ನಿನ್ನ ಬಗ್ಗೆ ಕೇಳಿರಬೇಕು. "ಈಗಿಲ್ಲಮ್ಮ, ತೀರ್ಕೊಂಡ. ಚಿಕ್ಕವನಿದ್ದಾಗ ಭರಣಿಗೆ ಬೆರಳದ್ದಿ ನೆಕ್ಕಿ ನನ್ನ ಕೈಲಿ ಒದೆ ತಿಂತಿದ್ದ" ಎಂದಳು. ಕೇಳಿದ್ದು ಎರಡು ಡಬ್ಬಿ. ಮಾತು ಮಾತ್ರ ಅರ್ಧ ಗಂಟೆ ನಡೆಯಿತು. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಇದ್ದಲ್ಲೇ ತಣ್ಣಗಿರು. ಇನ್ನು ದಿನಾ ಯಾರಾದರೂ ನಿನ್ನ ಹೆಸರು ಹಿಡಿದು ಅಮ್ಮನನ್ನು ಕರೆಯುತ್ತಾರೆ. ಬಿಕ್ಕಳಿಕೆ ಬಂದರೆ ಬೈಯಬೇಡ.

ಇಂಗ್ಯು ಅಮ್ಮನ ಮಗಳು,
ಯುನ್ಸುಕ್