ಮಡಚಿಕೊಂಡಿರು

ಇನ್ನೂ ಮುಖ ಕಾಣದ ನಿನಗೆ,

“ಅದಕ್ಕೆ ಸ್ವಲ್ಪ ಸುಮ್ನಿರೋಕೆ ಹೇಳಿ ಮೇಡಂ” ಎಂದು ನರ್ಸ್ ಅಂದದ್ದು ಕಿವಿಯಲ್ಲೇ ಉಳಿದಿದೆ. ಹೊಟ್ಟೆ ಆಗಷ್ಟೇ ಕಲ್ಲಿನಂತೆ ಬಿಗಿದು ಸಡಿಲಗೊಂಡಿತ್ತು. ನೀನು ಬರಲು ಇನ್ನೂ ಎರಡು ತಿಂಗಳಿದೆ. ಈಗಲೇ ಬಂದರೆ ನಿನಗೆ ಉಸಿರು ಎಳೆದುಕೊಳ್ಳಲು ಬಾರದು.

“ಅದು ನನ್ನ ಮಾತೆಲ್ಲಿ ಕೇಳುತ್ತೆ? ಫಾಸ್ಫೇಟ್ ಅಂಟ್ಕೊಂಡಿದೆ ಅದಕ್ಕೆ” ಎಂದೆ.

ಆಕೆ ನನ್ನನ್ನೇ ದಿಟ್ಟಿಸಿದಳು. “ಅಯ್ಯೋ, ನಾನು ಮಗು ವಿಷ್ಯ ಹೇಳಿದ್ದು. ನೀವು ಯಾರ ಜೊತೆ ಜಗಳಕ್ಕೆ ನಿಂತಿದೀರಿ?”

ಮಯೋಸಿನ್ ಜೊತೆ. ಗರ್ಭಕೋಶದ ಗೋಡೆಯ ಸ್ನಾಯುವನ್ನು ಹಿಂಡುವ ಪ್ರೋಟೀನ್ ಅದು. ನನ್ನ ಅರ್ಧ ಆಯಸ್ಸು ಲ್ಯಾಬಿನ ಮೈಕ್ರೋಸ್ಕೋಪಿನಲ್ಲಿ ಅದರ ಚಿತ್ರ ತೆಗೆಯುವುದರಲ್ಲೇ ಹೋಯಿತು. ಎರಡು ತಲೆ, ಉದ್ದನೆಯ ಒಂದು ಬಾಲ. ಕೆಲಸವಿಲ್ಲದಾಗ ತಲೆಗಳು ಒಂದಕ್ಕೊಂದು ಒರಗುತ್ತವೆ, ಬಾಲ ಮಡಚಿ ಅವುಗಳ ಮೇಲೆ ಬೀಳುತ್ತದೆ. ಕುತ್ತಿಗೆಯ ಹತ್ತಿರ ಫಾಸ್ಫೇಟಿನ ಒಂದು ಚೂರು ಬಂದು ಅಂಟಿದರೆ ಸಾಕು, ಮಡಿಕೆ ಬಿಚ್ಚುತ್ತದೆ. ಬಾಲಗಳು ನೀಳವಾಗಿ ಒಂದಕ್ಕೊಂದು ಸೇರಿ ಹುರಿಯಾಗುತ್ತವೆ, ತಲೆಗಳು ಸ್ನಾಯುವಿನ ಎಳೆಗಳನ್ನು ಜಗ್ಗತೊಡಗುತ್ತವೆ, ಹೊಟ್ಟೆ ಬಿಗಿಯುತ್ತದೆ. ಚೂರು ಕಳಚಿದರೆ ಮತ್ತೆ ಮಡಿಕೆ. ಅಷ್ಟು ಸಣ್ಣ ನೆಪ.

ಮಡಚಿಕೊಂಡದ್ದು ಕಂಡರೆ ಲ್ಯಾಬಿನಲ್ಲಿ ನಮಗೆ ಬೇಸರ. “ಇವತ್ತೂ ಮುಸುಕು ಹಾಕ್ಕೊಂಡು ಬಿದ್ದಿದಾನೆ ನೋಡು, ಸೋಮಾರಿ” ಎಂದು ನನ್ನ ಜೊತೆಗಾರ ಪರದೆಗೆ ಬೈಯುತ್ತಿದ್ದ. ಆ ಜೊತೆಗಾರನೇ ನಿನ್ನ ಅಪ್ಪ. ನೀನು ಬರುವ ಸುದ್ದಿ ಕೇಳಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ. ಬಡಿದು ಹೋಗಿದ್ದರೆ ಜಗಳಕ್ಕಾದರೂ ಜಾಗವಿರುತ್ತಿತ್ತು. ಆಮೇಲೆ ಮೈಕ್ರೋಸ್ಕೋಪಿನ ಕೋಣೆಯಲ್ಲಿ ಎರಡು ಕುರ್ಚಿ, ಒಬ್ಬಳು ನಾನು. ಬೈಯುವವರಿಲ್ಲದೆ ಆ ಸೋಮಾರಿಯನ್ನು ನೋಡುವುದು ಕಷ್ಟವಾಗಿತ್ತು.

ಈ ವಾರ್ಡಿನಲ್ಲಿ ಪಕ್ಕದ ಮಂಚಕ್ಕೆ ಅತ್ತೆ, ನಾದಿನಿ, ಚಿಕ್ಕಮ್ಮ ಎಲ್ಲರೂ ಬರುತ್ತಾರೆ. ಕುರ್ಚಿ ಸಾಲದೆ ನನ್ನದನ್ನೂ ಕೇಳಿ ಒಯ್ಯುತ್ತಾರೆ. ಕೊಡುತ್ತೇನೆ. ನನ್ನ ತೋಳಿಗೆ ಇಳಿಯುತ್ತಿರುವ ಔಷಧಿಯದು ಒಂದೇ ಕೆಲಸ, ಆ ಚೂರು ಅಂಟದ ಹಾಗೆ ತಡೆಯುವುದು. ಅದರ ಹನಿಗಳನ್ನು ನೋಡುತ್ತ ಮಲಗಿರುತ್ತೇನೆ.

ಬೆಳಿಗ್ಗೆ ಡಾಕ್ಟರು ಸ್ಕ್ಯಾನಿನಲ್ಲಿ ನಿನ್ನನ್ನು ತೋರಿಸಿದರು. ನೀನು ತಲೆ ಬಗ್ಗಿಸಿ, ಮೊಣಕಾಲು ಎದೆಗೊತ್ತಿಕೊಂಡಿದ್ದೆ. ಇಷ್ಟು ವರ್ಷ ಲ್ಯಾಬಿನ ಪರದೆಯ ಮೇಲೆ ಕಂಡ ಆ ಸೋಮಾರಿಯದೇ ಭಂಗಿ. ನನಗೆ ನಗು ಬಂತು. ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಬೇರೆ ತಾಯಂದಿರು ಏನೇನೋ ಹರಸುತ್ತಾರೆ. ನನ್ನದು ಇಷ್ಟೇ: ಸೋಮಾರಿಯಾಗಿರು ಕಂದಾ, ಮುಸುಕು ಹಾಕಿಕೊಂಡು ಬಿದ್ದಿರು.

ನಿನ್ನ ಸುತ್ತ ಮಡಚಿಕೊಂಡಿರುವ
ಅಮ್ಮ

ಹೊಟ್ಟೆ ಮತ್ತೆ ಬಿಗಿಯುತ್ತಿದೆ. ಇದು ನೀನಾ, ಅದಾ?