ಎಡಗಡೆಯ ಬೋಲ್ಟು

ಅಪ್ಪಾ,

ಶನಿವಾರ ಜಿಂಕೆ ಬೇಟೆ ಶುರು. ಇಡೀ ವಿಸ್ಕಾನ್ಸಿನ್ ಬೇಟೆಗಾರರ ಕಿತ್ತಳೆ ಬಣ್ಣದ ಕೋಟು ತೊಟ್ಟಿದೆ. ಇವತ್ತು ವರ್ಲಿನ್‌ನ ಬೇಟೆ ಸಾಮಾನಿನ ಅಂಗಡಿಯಲ್ಲಿ ಎರಡು ಅಗ್ಗದ ಕೋವಿಗಳನ್ನು ಹೋಲಿಸಿ ನೋಡಿದೆ. ಒಂದಕ್ಕೆ ನೀನು ಮೆಚ್ಚುವಂಥ ಮರದ ಹಿಡಿ, ಆದರೆ ಗುಂಡು ತುಂಬಲು ಎಳೆಯುವ ಬೋಲ್ಟು ಬಿಗಿ, ಅದೂ ಬಲಗಡೆ. ಇನ್ನೊಂದರ ಹಿಡಿ ಬರೀ ಪ್ಲಾಸ್ಟಿಕ್ಕು. ಬೋಲ್ಟು ಮಾತ್ರ ಬೆಣ್ಣೆಯಂತೆ ಜಾರುತ್ತದೆ, ನನ್ನಂಥ ಎಡಚಿಗೆ ಬೇಕಾದಂತೆ ಎಡಗಡೆಯಲ್ಲೇ ಇದೆ. ಅದನ್ನೇ ಕೊಂಡೆ.

"ನಿಮ್ಮಪ್ಪ ಇದ್ದಿದ್ರೆ, 'ಇದೇನು ಆಟದ ಸಾಮಾನಾ?' ಅಂತಿದ್ದ," ಎಂದು ವರ್ಲಿನ್ ನಕ್ಕ.

"ಹಾಗಂದು, ನನಗಿಂತ ಮೊದಲು ತಾನೇ ಹೊಡೀತಿದ್ದ," ಎಂದೆ.

ಅಂಗಡಿ ಹಿಂದಿನ ಬಯಲಿನಲ್ಲಿ ಮೊದಲ ಗುಂಡು ನೆಟ್ಟಗೆ ಗುರಿಗೆ ಬಿತ್ತು. ಎರಡನೆಯದನ್ನು ತುಂಬಲು ಬೋಲ್ಟು ಎಳೆಯಹೋದಾಗ ನನ್ನ ಎಡಗೈ ಕೋವಿಯ ಮೇಲಿಂದ ದಾಟಿ ಬಲಗಡೆಗೆ ಹೋಯಿತು, ಬಲಗಡೆ ಬೋಲ್ಟಿದ್ದ ನಿನ್ನ ಕೋವಿಯಲ್ಲಿ ನೀನು ಕಲಿಸಿದ ಹಾಗೆ. ಅಲ್ಲಿ ಬೋಲ್ಟು ಇರಲಿಲ್ಲ. ಆದರೂ ಕೈಯನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಿದ್ದೆ.