ಹೊಳೆಯಲ್ಲಿ ನಿಮ್ಮ ನೀಲಿ ಅಂಗಿ

ಶಾಹೆ ಹಳ್ಳಿ, ಗ್ವಾಝೌ
ನಾಲ್ಕನೆಯ ತಿಂಗಳು, ಬುದ್ಧನ ಹುಟ್ಟುಹಬ್ಬ ಕಳೆದ ಮೂರನೇ ದಿನ

ಪ್ರೀತಿಯ ಮನೆಯವರಿಗೆ,

ನಿಮ್ಮನ್ನು ಏನೆಂದು ಕರೆಯಬೇಕು ಎಂಬ ಯೋಚನೆಯಲ್ಲೇ ಒಂದು ಲೋಟ ಚಹಾ ಆರಿಹೋಯಿತು. ಮನೆಯವರೇ ಅನ್ನೋಣವೆಂದರೆ ಮನೆ ಬಿಟ್ಟು ಹೋಗಿ ಕುಳಿತಿದ್ದೀರಿ, ಸ್ವಾಮಿಗಳೇ ಅನ್ನೋಣವೆಂದರೆ ತಲೆ ಇನ್ನೂ ಬೋಳಾಗಿಲ್ಲ. ಸದ್ಯಕ್ಕೆ ಹಳೆಯದೇ ಇರಲಿ. ಆರೋಗ್ಯ ಹೇಗಿದೆ? ಮಂಡಿನೋವು? ಮಠದಲ್ಲಿ ಕಲ್ಲುನೆಲದ ಮೇಲೆ ಕೂರಿಸುತ್ತಾರಂತೆ, ಕೆಳಗೆ ದಪ್ಪನೆಯದೇನಾದರೂ ಹಾಕಿಕೊಳ್ಳಿ, ನಾಚಿಕೆ ಪಡಬೇಡಿ. ಊಟದ ಗತಿ ಏನು? ಬೆಳ್ಳುಳ್ಳಿ ಇಲ್ಲದೆ ಒಂದು ಎಳೆ ನೂಡಲ್ಸ್ ಗಂಟಲಲ್ಲಿ ಇಳಿಯದ ಮನುಷ್ಯ ನೀವು. ಅಲ್ಲಿ ಬೆಳ್ಳುಳ್ಳಿಯೂ ಇಲ್ಲ, ಈರುಳ್ಳಿಯೂ ಇಲ್ಲ ಎಂದು ಕೇಳಿದಾಗ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಇಲ್ಲಿ ನಾನು ಚೆನ್ನಾಗಿದ್ದೇನೆ. ಚೆನ್ನಾಗಿರದೆ ಇನ್ನೇನು ಮಾಡಲಿ, ಕರಬೂಜದ ಸಸಿಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಗಾಳಿ ಎರಡು ಸಲ ಕಿತ್ತುಕೊಂಡು ಹೋಯಿತು, ಎರಡು ಸಲವೂ ನಾನೊಬ್ಬಳೇ ಅದರ ಹಿಂದೆ ಓಡಿದೆ. ನಿಮ್ಮ ಅಮ್ಮ ಗಟ್ಟಿಮುಟ್ಟಾಗಿದ್ದಾರೆ. ಮಗ ಎಲ್ಲಿ ಎಂದು ಯಾರಾದರೂ ಕೇಳಿದರೆ, "ಚಿಕ್ಕವನಿದ್ದಾಗ್ಲೂ ಹಿಂಗೇ, ಹೊಟ್ಟೆ ಹಸಿದ್ರೆ ಬರ್ತಾನೆ ಬಿಡಿ" ಅನ್ನುತ್ತಾರೆ. ಅಷ್ಟು ನಂಬಿಕೆಯ ಭಾಗ್ಯ ನನಗಿಲ್ಲ.

ಹೋದ ತಿಂಗಳು ನೀವು ಫೋನ್ ಮಾಡಿದಾಗ ನಾನು ಪಟ್ಟನೆ ಇಟ್ಟುಬಿಟ್ಟೆ. ಅದಕ್ಕೆ ಕ್ಷಮೆ ಕೇಳುವುದಿಲ್ಲ. ಎರಡು ತಿಂಗಳು ಸುದ್ದಿಯಿಲ್ಲದ ಮನುಷ್ಯ ಫೋನ್ ಮಾಡಿ, ಹವಾಮಾನ ಕೇಳಿ, ಕರಬೂಜ ಕೇಳಿ, ಉಪ್ಪಿನ ಡಬ್ಬಿ ಇತ್ತ ತಳ್ಳು ಎನ್ನುವ ಹಾಗೆ, "ಬೇಸಿಗೇಲಿ ತಲೆ ಬೋಳಿಸ್ತಾರೆ, ಹೆಂಡ್ತಿ ಒಪ್ಪಿಗೆ ಇಲ್ದೆ ಆಗಲ್ಲ ಅಂತಾರೆ ಗುರುಗಳು, ನೀನು ಹೂಂ ಅಂದುಬಿಡು" ಎಂದರೆ ಯಾವ ಹೆಂಗಸು ಹೂಂ ಅನ್ನುತ್ತಾಳೆ? ಅದಾದ ಮೇಲೆ ನೀವು ಮತ್ತೆ ಮಾಡಿದ ಫೋನುಗಳಲ್ಲಿ ನಿಮ್ಮ ಕಡೆಯಿಂದ ಬರೀ ಮೌನ. ನಮ್ಮ ಮೇಳ ಕುಣಿಯುವ ಆ ಹಳೆಯ ಕಥೆಯಲ್ಲಿ, ಗ್ರಂಥ ತರಲು ಬುದ್ಧನ ದೇಶಕ್ಕೆ ಅಷ್ಟು ದೂರ ನಡೆದು ಹೋದ ಸನ್ಯಾಸಿಗೂ ಅವನ ಶಿಷ್ಯರಿಗೂ ಮೊದಲು ಕೊಟ್ಟದ್ದು ಒಂದಕ್ಷರವೂ ಇಲ್ಲದ ಖಾಲಿ ಗ್ರಂಥಗಳು, ಅವೇ ನಿಜವಾದವು ಎಂದು ನೀವು ಊರಿಗೆಲ್ಲ ಹೇಳುತ್ತಿದ್ದಿರಿ. ನನಗೆ ಅಷ್ಟು ಬುದ್ಧಿ ಇಲ್ಲ, ನನಗೆ ಅಕ್ಷರ ಇರುವುದೇ ಬೇಕು. ಅದಕ್ಕೇ ಈ ಕಾಗದ ಬರೆಯುತ್ತಿದ್ದೇನೆ, ನಡುವೆ ಬಾಯಿ ಹಾಕಲು ನಿಮಗೆ ಆಗುವುದೂ ಇಲ್ಲ.

ಎಲ್ಲಕ್ಕೂ ಮೂಲ ಲಾಂಝೌ ಕಾಲೇಜಿನ ಆ ಮೇಡಂ. ಪಾಪ, ಒಳ್ಳೆಯ ಹುಡುಗಿ, ಅವಳನ್ನು ಬೈಯುವುದಿಲ್ಲ. ಚಳಿಗಾಲದಲ್ಲಿ ಗುಹೆಯ ಗೋಡೆಯ ಹಳೆಯ ಚಿತ್ರ ನೋಡಲು ಬಂದವಳು ನಮ್ಮ ಮನೆಯೊಳಗೆ, ಅಡಿಯಲ್ಲಿ ಬೆಂಕಿ ಉರಿಯುವ ಬೆಚ್ಚನೆಯ ಜಗಲಿಯ ಮೇಲೆ ಕುಳಿತು, ನಾನು ಮಾಡಿದ ನೂಡಲ್ಸ್ ಉಂಡು, ನಮ್ಮ ಮೇಳದವರು ವರ್ಷಾ ವರ್ಷ ಕುಣಿಯುವ ಕಥೆಯ ಒಳಗುಟ್ಟನ್ನೆಲ್ಲ ಬಿಡಿಸಿ ಹೇಳಿದಳು. ಕೋತಿ ಎಂದರೆ ನಮ್ಮ ಮನಸ್ಸಂತೆ, ಕೊಂಬೆಯಿಂದ ಕೊಂಬೆಗೆ ಹಾರುವುದು. ಹಂದಿ ಎಂದರೆ ಹೊಟ್ಟೆ ಮತ್ತು ಆಸೆ. ಬಿಳಿ ಕುದುರೆ ಎಂದರೆ ಹಿಡಿದ ಹಟ. ಸನ್ಯಾಸಿ, ಮೂವರು ಶಿಷ್ಯರು, ಕುದುರೆ, ಈ ಐದು ಜನ ಪ್ರಯಾಣಿಕರು ಬೇರೆ ಬೇರೆಯಲ್ಲ, ಒಬ್ಬನೇ ಮನುಷ್ಯನ ಐದು ತುಂಡುಗಳಂತೆ. ದಾರಿಯಲ್ಲಿ ಸಿಗುವ ರಾಕ್ಷಸರೂ ಹೊರಗಿನವರಲ್ಲವಂತೆ. ಹಂದಿಯ ವೇಷ ಹಾಕುವ ಕಟುಕ ಗೌ ಹೊಟ್ಟೆ ತಟ್ಟಿಕೊಂಡು, "ನಾನು ಹೊಟ್ಟೆ ಅನ್ನೋದಕ್ಕೆ ಲಾಂಝೌಗೆ ಹೋಗಿ ಓದ್ಬೇಕಿತ್ತಾ ಮೇಡಂ, ನನ್ ಹೆಂಡ್ತೀನ ಕೇಳಿದ್ರೆ ಹೇಳ್ತಿದ್ಲು" ಎಂದ. ಎಲ್ಲರೂ ನಕ್ಕರು. ನೀವೊಬ್ಬರೇ ನಗಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಸನ್ಯಾಸಿಯ ವೇಷ ಹಾಕಿದವರು ನೀವು. ಬುದ್ಧನ ಹಬ್ಬದ ತಿಂಗಳು ಹುಟ್ಟಿದರೆ ಹಬ್ಬದವರೆಗೆ ಎಂಟು ದಿನ ಮಾಂಸ ಬಿಡುವುದು, ಮನೆಯಲ್ಲಿ ಜಗಳ ಆಡದಿರುವುದು ಮೇಳದ ಕಟ್ಟುಪಾಡು. ನನಗಂತೂ ವರ್ಷದಲ್ಲಿ ಆ ದಿನಗಳೇ ಹಬ್ಬ. ಆದರೆ ಹಬ್ಬ ಮುಗಿದ ದಿನವೇ ಕುರಿಮಾಂಸ ತಿಂದು, ನನ್ನ ಜೊತೆ ಜಗಳ ತೆಗೆದು, ಎಲ್ಲ ಸರಿಹೋಗುತ್ತಿತ್ತು. ಈ ಸಲ ಆ ಹುಡುಗಿ ಹೊರಟ ಮೇಲೆ ನೀವು ಎಷ್ಟೋ ದಿನ ಹಟ್ಟಿಯಲ್ಲಿ ಕುದುರೆಯನ್ನೇ ನೋಡುತ್ತ ನಿಂತಿದ್ದಿರಿ. ಹೊಸ ವರ್ಷ ಕಳೆದದ್ದೇ ತಡ, ಸ್ವಲ್ಪ ದಿನ ಮಠ ನೋಡಿ ಬರುತ್ತೇನೆ ಎಂದು ಹೊರಟವರು ಅಲ್ಲೇ ಉಳಿದಿರಿ.

ಇನ್ನು ಹಬ್ಬದ ಸುದ್ದಿ. ನೀವಿಲ್ಲದೆ ಸನ್ಯಾಸಿ ಯಾರು? ಮೇಳದ ಯಜಮಾನ ತ್ಯಾನ್ ಅಜ್ಜ ದಿನಾ ಸಂಜೆ ನಮ್ಮ ಮನೆಗೆ ಬಂದು ಹುಕ್ಕಾ ಸೇದುತ್ತ ನಿಟ್ಟುಸಿರು ಬಿಡುವುದು, ಸನ್ಯಾಸಿ ಓಡಿಹೋದದ್ದು ನನ್ನದೇ ತಪ್ಪು ಎನ್ನುವ ಹಾಗೆ ನನ್ನ ಮುಖ ನೋಡುವುದು. ಅವರನ್ನು ಕೇಳಿದರು, ಇವರನ್ನು ಕೇಳಿದರು. ಒಬ್ಬನಿಗೆ ಮಾಂಸ ಬಿಡಲು ಆಗುವುದಿಲ್ಲ, ಇನ್ನೊಬ್ಬನಿಗೆ ಹೆಂಡತಿಯ ಜೊತೆ ಜಗಳ ಬಿಡಲು ಆಗುವುದಿಲ್ಲ. ಮಿಕ್ಕವರು ಹೆದರಿಕೊಂಡರು. ಗೌ ಎಲ್ಲರೆದುರೇ ಹೇಳಿದ: "ಆ ನಿಲುವಂಗಿ ಹಾಕಿದೋನು ಮನೆ ಬಿಡ್ತಾನೆ ಕಣಣ್ಣ, ನನ್ ಅಂಗಡಿ ಯಾರು ನೋಡ್ಕೋತಾರೆ?" ಕೊನೆಗೆ ನನಗೆ ರೇಗಿಹೋಯಿತು. ಕೊಡಿ ಇಲ್ಲಿ, ನಾನೇ ಹಾಕುತ್ತೇನೆ ಎಂದೆ. ಮಾಂಸ ಹೇಗೂ ಬಿಟ್ಟಾಗಿದೆ, ಒಬ್ಬಳಿಗಾಗಿ ಯಾರು ಬೇಯಿಸುತ್ತಾರೆ, ಜಗಳ ಆಡೋಣವೆಂದರೆ ಮನೆಯಲ್ಲಿ ಜನ ಇಲ್ಲ. ತ್ಯಾನ್ ಅಜ್ಜ ಹುಕ್ಕಾ ಕೆಳಗಿಟ್ಟು, "ಹೂಂ, ಕಟ್ಟುಪಾಡು ಮುರಿದಂಗೇನೂ ಆಗಲ್ಲ" ಎಂದರು. ನನ್ನ ಜಾಗದಲ್ಲಿ ದೋಣಿ ಹೊರಲು ಮಗಳು ಶಾವ್‌ಮಾನ್ ಪೇಟೆಯಿಂದ ಬಂದಳು.

ದೋಣಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಕಥೆಯ ಕೊನೆಗೆ ಬರುವ ತಳವಿಲ್ಲದ ದೋಣಿಯೇ ಮನುಷ್ಯನನ್ನು ಆ ದಡ ಮುಟ್ಟಿಸುವುದು, ಹಿಡಿದುಕೊಳ್ಳಲು ಏನೂ ಇರಬಾರದು ಎಂದು ಮೇಡಂ ಹೇಳಿದಾಗ ನೀವು ಎಷ್ಟು ಭಕ್ತಿಯಿಂದ ತಲೆಯಾಡಿಸಿದಿರಿ. ಆ ಬಿದಿರು ಮತ್ತು ಬಟ್ಟೆಯ ತಳವಿಲ್ಲದ ದೋಣಿಯನ್ನು ಇಷ್ಟು ವರ್ಷ ಹೆಗಲಿಗೆ ಕಟ್ಟಿಕೊಂಡು ನಿಮ್ಮನ್ನು ಹೊಳೆ ದಾಟಿಸಿದ್ದು ಯಾರು? ನೀವು ಒಳಗೆ ಬಂದು ನಿಲ್ಲುವುದು, ಇಬ್ಬರೂ ಹಿಮ ಕರಗಿದ ನೀರಿನಲ್ಲಿ ಮಂಡಿಯವರೆಗೆ ನಡೆಯುವುದು. ದಾಟುತ್ತಿದ್ದಂತೆ ಸನ್ಯಾಸಿಯ ಹಳೆಯ ದೇಹ ನೀರಿನಲ್ಲಿ ತೇಲಿಹೋಗಬೇಕು, ಅದಕ್ಕೆ ಅವನು ವರ್ಷವಿಡೀ ತೊಟ್ಟ ಅಂಗಿಯನ್ನೇ ಹೊಳೆಗೆ ಎಸೆಯಬೇಕು. ಎಸೆದವನು ತಮಟೆ ನಿಲ್ಲುವ ತನಕ ಹಿಂದಿರುಗಿ ನೋಡಬಾರದು. ನೀವು ಮುಕ್ತರಾಗಿ ಆ ದಡದಲ್ಲಿ ಕೈಮುಗಿದು ನಿಲ್ಲುತ್ತಿದ್ದಿರಿ, ಜನ ನಿಮ್ಮ ಕಾಲಿಗೆ ಬೀಳುತ್ತಿದ್ದರು. ನಾನು ದೋಣಿ ಬಿಚ್ಚಿಟ್ಟು, ಕೊಕ್ಕೆಗೋಲು ಹಿಡಿದು, ಕಲ್ಲುಗಳ ಮೇಲೆ ಎಡವುತ್ತ ಕೆಳಗಿನ ತಿರುವಿಗೆ ಓಡುತ್ತಿದ್ದೆ. ಒಳ್ಳೆಯ ಅಂಗಿ, ಇನ್ನೆರಡು ವರ್ಷ ಬಾಳುವಂಥದ್ದು, ಹೊಳೆಗೆ ಬಿಡುತ್ತಾರೆಯೇ? ಪ್ರತಿ ವರ್ಷ ನಿಮ್ಮ ಹೆಣವನ್ನು ನಾನೇ ಎಳೆದು ತಂದು, ಒಗೆದು, ಗುಂಡಿ ಹಚ್ಚಿ, ಮಡಿಸಿ ಇಟ್ಟೆ. ಮಾರನೆಯ ದಿನ ನೀವು ಅದನ್ನೇ ತೊಟ್ಟು ಹೊಲಕ್ಕೆ ಹೋದಿರಿ. ಅದು ಎಲ್ಲಿಂದ ಬಂತು ಎಂದು ಒಂದು ವರ್ಷವಾದರೂ ಕೇಳಿದಿರಾ? ಕೇಳಲಿಲ್ಲ.

ಈ ಸಲ ನಾನು ಸನ್ಯಾಸಿ. ಒಂದು ವರ್ಷ ತೊಟ್ಟ ಅಂಗಿ ನನ್ನದಾದರೂ ಆಗುತ್ತಿತ್ತು, ಆದರೆ ತ್ಯಾನ್ ಅಜ್ಜ ಒಪ್ಪಲಿಲ್ಲ, ಮೇಳದ ಸನ್ಯಾಸಿ ಇನ್ನೂ ನೀವೇ, ಅಂಗಿ ನಿಮ್ಮದೇ ಆಗಬೇಕು ಎಂದರು. ಬಾಗಿಲ ಹಿಂದಿನ ಮೊಳೆಯಲ್ಲಿ ನೀವು ಬಿಟ್ಟುಹೋದ ನೀಲಿ ಅಂಗಿ ಇತ್ತಲ್ಲ, ಮೊಣಕೈ ಹತ್ತಿರ ನಾನು ತೇಪೆ ಹಾಕಿದ್ದು, ಅದನ್ನೇ ತೊಟ್ಟು ಮೇಲೆ ನಿಲುವಂಗಿ ಹಾಕಿಕೊಂಡೆ. ಬೆಳಿಗ್ಗೆ ಎಲ್ಲರೂ ಟ್ರ್ಯಾಕ್ಟರಿನಲ್ಲಿ ಗುಹೆಗಳ ಕಣಿವೆಗೆ ಹೋದೆವು. ನಿಮ್ಮ ಅಂಗಿಯಲ್ಲಿ ಇನ್ನೂ ಬೆಳ್ಳುಳ್ಳಿ ವಾಸನೆ ಇತ್ತು. ದಾರಿಯುದ್ದಕ್ಕೂ ನಿಮ್ಮನ್ನು ಬೈದುಕೊಂಡೇ ಹೋದೆ, ಬಾಯಿ ಬಿಟ್ಟು ಬೈಯುವಂತಿಲ್ಲ, ಸನ್ಯಾಸಿ ನೋಡಿ. ಹೊಳೆ ದಾಟುವಾಗ ಶಾವ್‌ಮಾನ್ ದೋಣಿ ಹೊತ್ತು ನನ್ನ ಪಕ್ಕ ನಡೆದಳು. ನಡುನೀರಿನಲ್ಲಿ ನಿಲುವಂಗಿಯ ಒಳಗಿನಿಂದ ಅಂಗಿ ಬಿಚ್ಚಿ ಎಸೆದೆ. ತಮಟೆ ಜೋರಾಯಿತು. ಮುಂದೆ ನಡೆದೆ. ಆ ದಡದ ಮೇಲೆ ಹೋಗಿ ನಿಂತಾಗ ಏನನ್ನಿಸಿತು ಎಂದು ನಿಮಗೆ ಹೇಳಲು ನನಗೆ ಇಷ್ಟವಿಲ್ಲ, ಅದಕ್ಕೆ ಹೇಳುವುದಿಲ್ಲ. ಹಬ್ಬಕ್ಕೆ ಹಂಚುವ ಗಂಜಿ ಚೆನ್ನಾಗಿತ್ತು. ಜನ ಹೋದ ವರ್ಷಕ್ಕಿಂತ ಜಾಸ್ತಿ ಇದ್ದರು.

ಕುಣಿತ ಮುಗಿದ ಮೇಲೆ ನಾನೂ ಮಗಳೂ ಮೇಲೆ ಹತ್ತಿ ಗುಹೆಯೊಳಗಿನ ಆ ಚಿತ್ರ ನೋಡಿ ಬಂದೆವು. ನೀವು ಎಷ್ಟೋ ಸಲ ತೋರಿಸಿದ್ದೇ, ಆದರೆ ಯಾವಾಗಲೂ ಸನ್ಯಾಸಿಯನ್ನೇ ತೋರಿಸುತ್ತಿದ್ದಿರಿ. ಗೋಡೆಯ ಮೂಲೆಯಲ್ಲಿ ನೀರಿನ ಈಚೆ ನಿಂತು ಕೈಮುಗಿದ ಸನ್ಯಾಸಿ, ಬಿಳಿ ಕುದುರೆ, ಅದರ ಪಕ್ಕದಲ್ಲಿ ಕೋತಿ ಮುಖದ ಒಬ್ಬ. ಈ ಕಥೆಯನ್ನು ಕಾದಂಬರಿಯಾಗಿ ಬರೆಯುವುದಕ್ಕೆ ಎಷ್ಟೋ ನೂರು ವರ್ಷ ಮೊದಲೇ ಬಿಡಿಸಿದ ಚಿತ್ರ ಎಂದಿದ್ದಳು ಮೇಡಂ. ಅವಳು ಆ ದಿನ ಇನ್ನೊಂದು ಮಾತೂ ಹೇಳಿದ್ದಳು, ನೀವು ಕುದುರೆಗೆ ಹುಲ್ಲು ಹಾಕಲು ಎದ್ದು ಹೋಗಿದ್ದಿರಿ, ನಾನು ಪಾತ್ರೆ ತೊಳೆಯುತ್ತ ಕೇಳಿಸಿಕೊಂಡೆ. ತಾಂಗ್ ರಾಜರ ಕಾಲದ ನಿಜವಾದ ಸನ್ಯಾಸಿ ರಾಜನ ಅಪ್ಪಣೆ ಇಲ್ಲದೆ ನಮ್ಮ ಗ್ವಾಝೌಗೆ ಬಂದಾಗ ಅವನ ಜೊತೆ ಕೋತಿಯೂ ಇರಲಿಲ್ಲ, ಹಂದಿಯೂ ಇರಲಿಲ್ಲ. ದಾರಿ ತೋರಿಸಲು ಒಪ್ಪಿದ ಪಶ್ಚಿಮದ ಕಡೆಯ ಒಬ್ಬ ಇದ್ದ. ಅವನು ಮರ ಕಡಿದು ಹಾಕಿ ಹೊಳೆ ದಾಟಿಸಿದ. ಮುಂದೆ ಮರಳುಗಾಡು ನೋಡಿ ಅವನ ಎದೆ ಒಡೆಯಿತು. ನನಗೆ ಸಂಸಾರ ದೊಡ್ಡದು, ನಾನು ಬರಲಾರೆ ಎಂದು ತಿರುಗಿ ಮನೆಗೆ ಹೋದ. ಸನ್ಯಾಸಿ ಅವನನ್ನು ತಡೆಯಲಿಲ್ಲ, ಶಪಿಸಲಿಲ್ಲ, ದಾಟಿಸಿದ ಉಪಕಾರಕ್ಕೆ ಒಂದು ಕುದುರೆ ಕೊಟ್ಟು ಕಳಿಸಿದ. ಹಾಗೆ ತಿರುಗಿ ಹೋದವನೇ ಕಥೆ ಹೇಳುವವರ ಬಾಯಲ್ಲಿ ಕೋತಿಯಾದ ಎಂದು ಕೆಲವರು ಹೇಳುತ್ತಾರಂತೆ. ನೋಡಿದಿರಾ? ಹೆಂಡತಿ ಮಕ್ಕಳಿಗಾಗಿ ವಾಪಸ್ ಹೋದವನನ್ನು ಬಿಟ್ಟು ಮುಂದೆ ಹೋಗಲು ಜನಕ್ಕೆ ಮನಸ್ಸು ಬರಲಿಲ್ಲ. ಅವನಿಗೆ ಒಂದು ಬಾಲ ಹಚ್ಚಿ ಕಥೆಯ ಕೊನೆಯವರೆಗೂ ಕರೆದುಕೊಂಡು ಹೋದರು. ಇಂದಿಗೂ ಮಕ್ಕಳು ಚಪ್ಪಾಳೆ ತಟ್ಟುವುದು ಅವನಿಗೆ, ಸನ್ಯಾಸಿ ಬಂದಾಗ ಗಂಜಿ ಕುಡಿಯಲು ಎದ್ದು ಹೋಗುತ್ತಾರೆ.

ಆದ್ದರಿಂದ ನನ್ನ ಉತ್ತರ: ಇಲ್ಲ. ನಾನು ಹೂಂ ಅನ್ನುವುದಿಲ್ಲ. ಗುರುಗಳಿಗೆ ಹೇಳಿ, ಹೆಂಡತಿ ಒಪ್ಪಲಿಲ್ಲ ಎಂದು. ಮನಸ್ಸೆಂಬ ಕೋತಿಯನ್ನು ಕಟ್ಟಿಹಾಕಲು ಅಷ್ಟು ದೂರ ಹೋಗಬೇಕಿಲ್ಲ, ಇಲ್ಲಿ ಬಂದು ಒಂದು ಮಧ್ಯಾಹ್ನ ಗಾಳಿಯಲ್ಲಿ ಪ್ಲಾಸ್ಟಿಕ್ ಹೊದಿಕೆ ಹಿಡಿದುಕೊಳ್ಳಿ, ತಾನೇ ಸುಮ್ಮನಾಗುತ್ತದೆ. ವಾಪಸ್ ಬಂದರೆ ಊರಿನಲ್ಲಿ ನಾಲ್ಕು ದಿನ ನಗುತ್ತಾರೆ. ನಗಲಿ. ಗೌ ನಿಮಗಾಗಿ ಕುರಿಯ ಬೆನ್ನುಮೂಳೆ ತೆಗೆದಿಡುತ್ತೇನೆ ಎಂದಿದ್ದಾನೆ. ನಾನು ಬೇಕಾದರೆ ಎಂಟು ದಿನದ ಬದಲು ವರ್ಷವಿಡೀ ಜಗಳ ಆಡದೆ ಇರಲು ನೋಡುತ್ತೇನೆ, ಆದರೆ ಮಾತು ಕೊಡಲಾರೆ.

ನಿಮ್ಮ ಅಮ್ಮ ಆಶೀರ್ವಾದ ಹೇಳಿದ್ದಾರೆ, ಹೊಟ್ಟೆ ಹಸಿದಿದೆಯಾ ಎಂದು ಕೇಳಲು ಹೇಳಿದ್ದಾರೆ. ಶಾವ್‌ಮಾನ್ ನಮಸ್ಕಾರ ಹೇಳಿದ್ದಾಳೆ, ಅವಳು ನನ್ನಷ್ಟು ಸಿಟ್ಟಾಗಿಲ್ಲ, ಅದು ನಿಮ್ಮ ರಕ್ತ. ನಿಮ್ಮ ಗುರುಗಳಿಗೆ ನನ್ನ ನಮಸ್ಕಾರ, ಅವರಾದರೂ ನನ್ನನ್ನು ಒಂದು ಮಾತು ಕೇಳಬೇಕು ಎಂದರಲ್ಲ. ಬುದ್ಧ ನಿಮ್ಮ ಮಂಡಿಗಳನ್ನು ಕಾಪಾಡಲಿ.

ಇನ್ನೂ ನಿಮ್ಮ ಹೆಂಡತಿಯೇ ಆಗಿರುವ,
ಸುಯಿಂಗ್

ಮರೆತದ್ದು: ಇದು ಮಾರನೆಯ ಬೆಳಿಗ್ಗೆ. ಗೌ ಪೇಟೆಗೆ ಹೊರಟಿದ್ದಾನೆ, ಕಾಗದ ತೆಗೆದುಕೊಂಡು ಹೋಗಲು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಇದನ್ನು ಹರಿದು ಬೇರೆ ಬರೆಯಲು ಪುರುಸೊತ್ತಿಲ್ಲ. ಮೇಲೆ ಇಲ್ಲ ಎಂದು ಬರೆದದ್ದನ್ನು ಬಿಟ್ಟುಬಿಡಿ. ಆ ದಿನ ನಾನು ಹಿಂದಿರುಗಿ ನೋಡಲಿಲ್ಲ. ತಮಟೆ ನಿಂತ ಮೇಲೂ ನೋಡಲಿಲ್ಲ. ಗೌ ಕೆಳಗಿನ ತಿರುವಿನಿಂದ ಕೂಗಿದ: "ಅಕ್ಕಾ, ಅಂಗಿ ಕಲ್ಲಿಗೆ ಸಿಕ್ಕೊಂಡಿದೆ, ಎಳ್ಕೊಳ್ಲಾ?" ಕೊಕ್ಕೆಗೋಲು ಅವನ ಕೈಯಲ್ಲೇ ಇತ್ತು. ನಾನು, "ಬಿಡಪ್ಪ, ಹೋಗ್ಲಿ" ಎಂದೆ. ಅವನು ಕೊಕ್ಕೆಗೋಲಿನಿಂದ ಮೆಲ್ಲಗೆ ನೂಕಿದ, ಹೋಯಿತು. ಸನ್ಯಾಸಿಯ ವೇಷ ನನ್ನ ಮೈಮೇಲಿತ್ತು, ಆ ನಿಜವಾದ ಸನ್ಯಾಸಿ ಜೊತೆಗಾರನನ್ನು ತಡೆಯದೆ ಕಳಿಸಿದ ಹಾಗೆ ನಿಮ್ಮನ್ನು ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಗುರುಗಳಿಗೆ ಹೇಳಿ, ಹೆಂಡತಿ ಹೂಂ ಅಂದಳು ಎಂದು. ಕಾಗದದ ಜೊತೆಗಿನ ಗಂಟಿನಲ್ಲಿ ಬೂದುಬಣ್ಣದ ಹತ್ತಿ ತುಂಬಿದ ಒಳಂಗಿ ಇದೆ, ನಾನೇ ಹೊಲಿದದ್ದು. ಬೆಳ್ಳುಳ್ಳಿ ಬಿಟ್ಟು ಸೊರಗಿರುತ್ತೀರಿ ಎಂದು ಅಳತೆ ಸ್ವಲ್ಪ ಕಡಿಮೆ ಇಟ್ಟಿದ್ದೇನೆ. ಗುಂಡಿ ಗಟ್ಟಿಯಾಗಿ ಹಚ್ಚಿದ್ದೇನೆ, ಇನ್ನು ಮೇಲೆ ಕಿತ್ತುಹೋದರೆ ನೀವೇ ಹಚ್ಚಿಕೊಳ್ಳಬೇಕು.